ದೋಷ ಕಾಣದ ಚೈನು

ಅಂಚೆಯ ಕೊಟ್ರಪ್ಪನವರು ತಮ್ಮ ಸೈಕಲ್ಲಿನ ಹಳೇ ಚೈನು ತೆಗೆಸಿ ಹೊಸದು ಹಾಕಿಸಿದರು. ಹಿಂದಿನ ಚಕ್ರದಲ್ಲಿ ಚೈನು ಕೂರುವ ಹಲ್ಲುಗಾಲಿ, ಹಳೇ ಫ್ರೀವೀಲಿಗೆ ಅದು ಹಿಡಿಸಲಿಲ್ಲ.

“ತುಳಿದಾಗಲೆಲ್ಲ ಜಾರುತ್ತೀಯೆ. ಹಳೇ ಚೈನು ನನ್ನಲ್ಲಿ ಒಂದು ದೋಷವನ್ನೂ ಕಾಣಲಿಲ್ಲ,” ಎಂದಿತು ಫ್ರೀವೀಲ್.

“ಕಾಣುವುದು ಹೇಗೆ ಸ್ವಾಮಿ? ತಮ್ಮ ಹಲ್ಲು ಸವೆದ ಹಾಗೆ ಅದೂ ಸವೆಯುತ್ತಿತ್ತು,” ಎಂದಿತು ಹೊಸ ಚೈನು.

ಏರು ಹತ್ತುವಾಗ ಚೈನು ಮತ್ತೆ ಜಾರಿತು. ಕೊಟ್ರಪ್ಪನವರು ಮೋರಿಗೆ ಬಿದ್ದರು. ಎದ್ದವರು ನೇರ ಸೈಕಲ್ ಶಾಪಿಗೆ ನಡೆದರು.

“ಬಾಬಾಜಾನ್, ಈ ಫ್ರೀವೀಲನ್ನೂ ಬದಲಾಯಿಸಪ್ಪ. ಇದರ ಹಲ್ಲಂತೂ ಹೋಗಿದೆ, ನನ್ನವಾದರೂ ಉಳಿಯಲಿ.”

ಹೊಸ ಫ್ರೀವೀಲ್ ಬಂತು. ಹೊಸ ಚೈನು ಅದರ ಮೇಲೆ ಸಲೀಸಾಗಿ ಕೂತಿತು.

“ನನ್ನಲ್ಲಿ ಏನಾದರೂ ದೋಷ ಕಾಣುತ್ತದೆಯೆ?” ಎಂದು ಫ್ರೀವೀಲ್ ಕೇಳಿತು.

“ಒಂದೂ ಇಲ್ಲ. ನನ್ನಲ್ಲಿ?”

“ಒಂದೂ ಇಲ್ಲ.”

ಎರಡೂ ಸಂತೋಷದಿಂದ ಒಟ್ಟಿಗೆ ಸವೆಯತೊಡಗಿದವು.