ಬಾಲ ತೆತ್ತ ಆನೆ

"ಗುರುಗಳೇ, ಮಡಕೆ ಕುಡಿಕೆ ಎಲ್ಲ ಬರೀ ಹೆಸರು, ಮಣ್ಣೊಂದೇ ನಿಜ ಎಂದು ಕಲಿಸಿದಿರಿ. ಅಕ್ಕನಿಗೆ ಹೆಣ್ಣುಮಗು ಹುಟ್ಟಿದೆ, ಬಂದು ನೋಡು ಎಂದು ಭಾವ ಹೇಳಿಕಳಿಸಿದ್ದಾರೆ. ಎಲ್ಲವೂ ಮಣ್ಣೇ ಆದಮೇಲೆ ಹೋಗಿ ನೋಡುವುದೇನು?" ಎಂದು ಸೋವಣ್ಣ ಕೇಳಿದ.

ಗುರುಗಳು ಚಾಪೆಯ ಮೇಲೆ ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿಕೊಟ್ಟರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಸೆಟ್ಟಿ ಇದ್ದ. ಕಡಲಾಚೆಯಿಂದ ಒಂದು ಹಡಗು ಬಿಳಿ ಜೇಡಿಮಣ್ಣು ತರಿಸಿದ. ದಾರಿಯಲ್ಲಿ ಗಾಳಿ ಬಿದ್ದುಹೋಗಿ ಹಡಗು ನಿಂತಿತು. ನಾವಿಕರಿಗೆ ಕೆಲಸವಿಲ್ಲ. ಮಣ್ಣು ಕಡಲ ನೀರು ತಾಕಿ ಹದವಾಗಿ ಕುಳಿತಿತ್ತು. ಸುಮ್ಮನಿರುವ ಕೈ ಸುಮ್ಮನಿರುತ್ತದೆಯೇ? ಒಬ್ಬ ಒಂದು ಆನೆ ಮಾಡಿದ. ಅದನ್ನು ನೋಡಿ ಎಲ್ಲರೂ ಮಾಡಿದರು. ಗಾಳಿ ಮತ್ತೆ ಬೀಸುವ ಹೊತ್ತಿಗೆ ಹಡಗಿನಲ್ಲಿ ಮಣ್ಣಿರಲಿಲ್ಲ. ಬಿಸಿಲಿಗೆ ಒಣಗಿದ ಆನೆಗಳಿದ್ದವು.

ಬಂದರಿನಲ್ಲಿ ಸುಂಕದವನು ತಡೆದ. ಅಗೆದು ತಂದ ಮಣ್ಣಿಗೆ ಸುಂಕವಿಲ್ಲ, ಕೈಯಲ್ಲಿ ಮಾಡಿದ ವಸ್ತುವಿಗೆ ಹತ್ತರಲ್ಲೊಂದು ಪಾಲು. ಅದು ಅಲ್ಲಿಯ ಕಟ್ಟಳೆ.

"ಸೊಂಡಿಲಿರುವ ಮಣ್ಣನ್ನು ನಾನು ಕಂಡಿಲ್ಲ, ಸೆಟ್ಟರೇ" ಎಂದ.

"ರೂಪ ನೋಡಬೇಡಿ ಸ್ವಾಮಿ, ಒಳಗೇನಿದೆ ನೋಡಿ. ಮಣ್ಣಲ್ಲದೆ ಬೇರೆ ಏನಾದರೂ ಇದೆಯೇ?" ಎಂದ ಸೆಟ್ಟಿ.

ಹಾಗಿದ್ದರೆ ನನ್ನ ಕಣ್ಣೆದುರಿಗೇ ಮಣ್ಣಾಗಲಿ, ಬಿಟ್ಟುಬಿಡುತ್ತೇನೆ ಎಂದು ಸುಂಕದವನು ಹೇಳಿದ. ಸೆಟ್ಟಿ ಖುಷಿಯಿಂದ ದೊಡ್ಡ ದೊಡ್ಡ ಬಾನಿಗಳಲ್ಲಿ ನೀರು ತುಂಬಿಸಿದ. ನಾವಿಕರು ಆನೆಗಳಿಗೆ ಸ್ನಾನ ಮಾಡಿಸುತ್ತೇವೆ ಎಂದು ಕೂಗುತ್ತ ಒಂದೊಂದನ್ನೇ ಮುಳುಗಿಸಿದರು. ಕಿವಿ ಕರಗಿತು, ಸೊಂಡಿಲು ಕರಗಿತು. ತಾವೇ ಮಾಡಿದ್ದನ್ನು ತಾವೇ ಕರಗಿಸಿ ನಕ್ಕರು. ಬಂದರಿನ ಹಮಾಲರೂ ಬಂದು ಸೇರಿಕೊಂಡರು.

ಒಬ್ಬ ನಾವಿಕ ಮಾತ್ರ ತನ್ನ ಆನೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತಿದ್ದ. ಹೊರಡುವಾಗ ಅವನ ಮಗಳು, ಬರುವಾಗ ನನಗೊಂದು ಆನೆ ತಾ ಅಪ್ಪಾ ಎಂದಿದ್ದಳು. ಒಂದು ಮುದ್ದೆ ಮಣ್ಣಿಗಾಗಿ ಹಡಗು ನಿಲ್ಲಿಸುತ್ತೀಯೇನೋ ಎಂದು ಸೆಟ್ಟಿ ರೇಗಿದ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂದು ಗಾದೆಯೇ ಇದೆ. ನಾವಿಕ ಮಗಳ ಮಾತು ಎತ್ತಲೇ ಇಲ್ಲ.

"ಇದು ಮಣ್ಣಲ್ಲ ಸ್ವಾಮಿ, ಆನೆ. ಸುಂಕ ತಗೊಳ್ಳಿ" ಎಂದ.

ಸುಂಕದವನಿಗೆ ಇದು ಹೊಸದು. ಸುಂಕ ಬೇಡ ಎನ್ನುವವರನ್ನೇ ಕಂಡು ಅವನ ತಲೆ ನರೆತಿತ್ತು. ಆನೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಹತ್ತು ಆನೆ ಇದ್ದರೆ ಒಂದು ತೆಗೆದುಕೊಳ್ಳಬಹುದು. ಇದ್ದದ್ದೇ ಒಂದು. ಕಾಲು ಮುರಿದರೆ ನಿಲ್ಲುವುದಿಲ್ಲ. ಸೊಂಡಿಲು ಮುರಿದರೆ ಅದು ಹಂದಿ. ಕೊನೆಗೆ, ನೀನೇ ನೋಡಿ ಕೊಡಪ್ಪ ಎಂದು ಅವನ ಕೈಗೇ ಬಿಟ್ಟ.

ನಾವಿಕ ಕಣ್ಣು ಮುಚ್ಚಿ ಬಾಲ ಮುರಿದುಕೊಟ್ಟ. ಸುಂಕದವನು ನಗಲಿಲ್ಲ. ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ರಾಜನ ಪಾಲಿಗೆಂದು ತೆಗೆದಿಟ್ಟಿದ್ದ ರೇಷ್ಮೆ, ಕರ್ಪೂರಗಳ ನಡುವೆ ಇಟ್ಟ.

ಮನೆಯಲ್ಲಿ ಮಗಳು ಆನೆಯನ್ನು ಸುತ್ತಲೂ ನೋಡಿ ಬಾಲ ಎಲ್ಲಿ ಎಂದು ಕೇಳಿದಳು. ರಾಜ ಬೇಕೆಂದ, ಕೊಟ್ಟೆ ಎಂದ ಅಪ್ಪ. ಅವಳು ಬೀದಿಯ ಮನೆಮನೆಗೂ ಓಡಿ, ನಮ್ಮಾನೆಯ ಬಾಲ ರಾಜನ ಹತ್ತಿರ ಇದೆ ಎಂದು ಸಾರಿಬಂದಳು. ಬಾಲವಿರುವ ಆನೆ ಯಾರಿಗೆ ಬೇಕು ಎಂದು ಬೀದಿಯ ಮಕ್ಕಳೆಲ್ಲ ಅಂದುಕೊಂಡರು.

ಸೋವಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ, "ಹಾಗಾದರೆ ಸೆಟ್ಟಿ ಹೇಳಿದ್ದು ಸುಳ್ಳೇ, ಗುರುಗಳೇ?" ಎಂದು ಕೇಳಿದ.

"ನಿಜವೇ ಕಣಪ್ಪ, ಸುಂಕ ತಪ್ಪಿಸಿಕೊಳ್ಳಲು ಹೇಳಿದ ನಿಜ. ಅಕ್ಕನ ಮಗುವನ್ನು ನೋಡಲು ಹೋಗದೆ, ನೀನು ಯಾವ ಬಾಲ ಉಳಿಸಿಕೊಳ್ಳಲು ಅದೇ ಮಾತು ಹೇಳುತ್ತಿದ್ದೀಯ?"