ಸೊಟ್ಟಗಾದ ಕುಲಾವಿ

ಕುರಿಗಾರರ ಮಾಯಕ್ಕನ ಬುಟ್ಟಿಯಲ್ಲಿ ಒಂದು ಕರಿ ಉಣ್ಣೆಯ ಎಳೆ ಇತ್ತು. ಮೈತುಂಬ ಬಿಗಿಯಾಗಿ ತಿರುಚಿದ ಹುರಿ, ತಲೆತುಂಬ ಬಿಂಕ. ಮಂದೆಯ ಜೊತೆ ಹೊರಡಲಿದ್ದ ಅವಳ ಹಸುಗೂಸಿಗೆ ತಾನೊಂದೇ ಕುಲಾವಿ ಆಗಬೇಕು ಅಂತ ಅದರ ಹಟ.

"ಇಬ್ಬರೂ ಕೂಡಿ ಹುರಿಗೊಳ್ಳೋಣ ಬಾರಣ್ಣ," ಅಂತ ಪಕ್ಕದಲ್ಲಿದ್ದ ತೆಳ್ಳನೆಯ ಬಿಳಿ ಎಳೆ ಕರೆಯಿತು.

"ಹೋಗೇ ಬಡಕಲಿ! ನಿನ್ನ ಹಂಗು ನನಗ್ಯಾಕೆ?"

ಸೂಜಿಗಳು ಕರಿ ಎಳೆಯೊಂದನ್ನೇ ಹೆಣೆದವು. ಕುಲಾವಿ ಸೊಟ್ಟಗೆ ತಿರುಚಿಕೊಂಡಿತು. ಕೂಸಿನ ಒಂದು ಕಿವಿ ಚಳಿಗಾಳಿಗೆ ಹಾಗೇ ಉಳಿಯಿತು. ಕೂಸು ಅತ್ತಿತು.

"ಒಂಟಿ ಎಳೆ ಹೆಣಿಗೆಯನ್ನೆಲ್ಲ ತನ್ನ ಕಡೆಗೇ ಎಳೆಯುತ್ತೆ," ಅಂದಿತು ಬುಟ್ಟಿಯಲ್ಲಿದ್ದ, ಉಣ್ಣೆ ನೂಲುವ ಮುದಿ ಕದಿರು.

ಕರಿ ಎಳೆ ಅಳುವ ಕೂಸಿನತ್ತ ನೋಡಿತು. ಆಮೇಲೆ, "ನನ್ನನ್ನು ಬಿಚ್ಚಿ, ಜೋಡಿ ಮಾಡಜ್ಜ," ಅಂದಿತು.

"ಜೋಡಿಯಾಗೋಕೆ ಉಲ್ಟಾ ತಿರುಗಬೇಕು. ನಿನ್ನ ಹುರಿ ಸಡಿಲಾಗುತ್ತೆ. ತಡ್ಕೋತೀಯಾ?"

"ತಿರುಗಿಸಜ್ಜ! ಕೂಸಿನ ಕಿವಿ ಮುಚ್ಚಲೇಬೇಕು."

"ಬಡಕಲಿಯ ಮೂಳೆ ಚುಚ್ಚಿದರೆ ಬೈಬೇಡ ಮತ್ತೆ," ಅಂತ ಬಿಳಿ ಎಳೆ ನಗುತ್ತ ಬಂದು ತಬ್ಬಿಕೊಂಡಿತು. ಕದಿರು ಗಿರ್ರನೆ ಹಿಂದಕ್ಕೆ ತಿರುಗಿತು. ಸೂಜಿಗಳು ಜೋಡಿ ಎಳೆಯನ್ನು ಮತ್ತೆ ಹೆಣೆದವು.

ಮಂದೆ ಗುಡ್ಡ ಹತ್ತುವಾಗ ಗಾಳಿ ಭರ್ರನೆ ಬೀಸಿತು. ನೆಟ್ಟಗಿದ್ದ ಹೊಸ ಕುಲಾವಿ ತೊಟ್ಟ ಕೂಸು ಬೆಚ್ಚಗೆ ಮಲಗಿತ್ತು.

"ಬಿಗಿಯಾಗಿ ಹಿಡ್ಕೋ ತಂಗಿ," ಅಂದಿತು ಕರಿ ಎಳೆ.

"ನೀ ಬಿಟ್ಟರೂ ನಾ ಬಿಡೋದಿಲ್ಲ, ಸುಮ್ಮನಿರಣ್ಣ."