ಓನರಿಗೊಂದು ಸನ್ಮಾನ

"ಬಾಡಿಗೆದಾರರಿಗೆ ನಿಯತ್ತೇ ಇಲ್ಲ! ವರ್ಷ ತುಂಬೋದ್ರೊಳಗೆ ಬಿಟ್ಟು ಓಡ್ತಾರೆ. ನೀನಾದ್ರೂ ನಾಲ್ಕು ಜನರ ಮುಂದೆ ನನಗೊಂದು ಸನ್ಮಾನ ಮಾಡು" ಎಂದು ಮನೆ ಓನರ್ ಚನ್ನವೀರಪ್ಪ ಕೆಳಮನೆಯ ಟೈಲರ್ ನೀಲಮ್ಮನಿಗೆ ಗದರಿದರು.

ನೀಲಮ್ಮನಿಗೆ ಮೈಯೆಲ್ಲ ಉರಿಯಿತು. ಮಹಡಿಯ ಅವರ ಬಚ್ಚಲು ತನ್ನ ಮನೆಯೊಳಗೆ ಸೋರುತ್ತಿದೆ ಎಂದು ಮೂರು ವರ್ಷದಿಂದ ಹೇಳಿದರೂ ಕಿವಿಗೆ ಹಾಕಿಕೊಂಡಿರಲಿಲ್ಲ ಆಸಾಮಿ. "ಆಗ್ಲಿ ಯಜಮಾನ್ರೇ, ಭಾನುವಾರ ಬೆಳಿಗ್ಗೆ ಏಳಕ್ಕೆ ಬನ್ನಿ" ಎಂದಳು.

ಅವತ್ತು ಓಣಿಯವರೆಲ್ಲ ಅವಳ ಮನೆಯೊಳಗೆ ನೆರೆದರು. ನೀಲಮ್ಮ ಓನರನ್ನು ಕುರ್ಚಿಯಲ್ಲಿ ಕೂರಿಸಿ, ಪೇಟ ತೊಡಿಸಿ, ಶಾಲು ಹೊದಿಸಿದಳು. ದಿನದಂತೆ ಅದೇ ಹೊತ್ತಿಗೆ ಮೇಲೆ ಓನರ ಹೆಂಡತಿಯ ಸ್ನಾನ ಶುರುವಾಯಿತು. ಸೋಪಿನ ನೀರು ಪೇಟ, ಶಾಲಿನ ಮೇಲೆ ತೊಟತೊಟ ಬಿತ್ತು.

"ಥೂ, ಇದೇನಿದು!" ಎಂದು ಚನ್ನವೀರಪ್ಪ ಎದ್ದರು.

"ಕೂತ್ಕೊಳ್ಳಿ!" ನೀಲಮ್ಮ ಅಬ್ಬರಿಸಿದಳು. "ನನ್ನ ಮಗಳು ದಿನಾ ಓದೋಕೆ ಕೂರೋದು ಇದೇ ಜಾಗದಲ್ಲಿ."

ಶಾಲು ಒಣಗುವ ಮೊದಲೇ ಗಾರೆಯವನು ಬಂದ.